ಮ್ಯೂಸಿಯಂ ಸೇರಿದ ಅಳತಿ ಜಂಪರ

ಅಂಧೇರಿಯ ನಮ್ಮ ಚಾಳಿನಲ್ಲಿ ಶರೀಫ ಮಾಸ್ಟರ್ ಎಂಬ ಟೇಲರ್ ಇದ್ದ. ಎಷ್ಟು ತೆಳ್ಳಗಿದ್ದನೆಂದರೆ, ಅಂಗಡಿಯ ಗೂಟಕ್ಕೆ ನೇತುಹಾಕಿದ ಅಳತೆ ಟೇಪಿನ ಪಕ್ಕ ಅವನು ನಿಂತಿದ್ದರೆ ಗಿರಾಕಿಗಳು ಒಮ್ಮೊಮ್ಮೆ ಟೇಪಿಗೇ ಸಲಾಂ ಹೇಳಿ ಮಾತು ಶುರು ಮಾಡುತ್ತಿದ್ದರು. ವಿಜಾಪುರದವನು. ಗೋಲಗುಮ್ಮಟದ ನೆರಳು ಬೀಳುವ ಓಣಿಯಲ್ಲಿ ಹುಟ್ಟಿದ್ದರಿಂದ ಅವನಿಗೆ ಯಾರು ಏನು ಹೇಳಿದರೂ ಏಳು ಸಲ ಕೇಳಿಸುತ್ತಿತ್ತಂತೆ. ಹಾಗಾಗಿ ಹೆಂಡತಿಯ ಮಾತಿಗೆ ಮೊದಲ ಸಲಕ್ಕೇ ಉತ್ತರ ಕೊಡುವ ಅವಸರ ಅವನಿಗೆ ಇರಲಿಲ್ಲ. ನಾನು ಇಂಡಿ ತಾಲೂಕಿನವನು, ಅದೇ ಚಾಳಿನಲ್ಲಿ ಅವನ ಪಕ್ಕದ ಖೋಲಿ. ಮನೆಯಲ್ಲಿ ಗಂಡಹೆಂಡತಿ ದಖ್ಖನಿ ಆಡುತ್ತಿದ್ದರು. ಜಗಳ ಬಂದಾಗ ಮಾತ್ರ ಕನ್ನಡಕ್ಕೆ ಇಳಿಯುತ್ತಿದ್ದರು, ನಡುವೆ ನ್ಯಾಯ ಹೇಳಲು ನಾನು ಬೇಕಾಗುತ್ತಿದ್ದೆನಲ್ಲ.

ಅವನ ಅಂಗಡಿ ಬಾಂದ್ರಾ ಸ್ಟೇಷನ್ನಿನ ಬಳಿ ಒಂದು ಬಿಲ್ಡಿಂಗಿನ ಮೆಟ್ಟಿಲ ಕೆಳಗೆ. ಒಂದು ಮಿಷನ್ನು, ಒಂದು ಕತ್ತರಿ. ಆ ಕತ್ತರಿ ಎಷ್ಟು ಹರಿತವೆಂದರೆ, ಬೆಳಿಗ್ಗೆ ಕತ್ತರಿಸಿದ ಬಟ್ಟೆಗೆ ತಾನು ಎರಡಾಗಿರುವುದು ಮಧ್ಯಾಹ್ನದ ತನಕ ಗೊತ್ತಾಗುತ್ತಿರಲಿಲ್ಲ.

ಆದರೆ ಹೆಣ್ಣುಮಕ್ಕಳ ಮೈಗೆ ಅವನು ಎಂದೂ ಟೇಪು ಹಿಡಿದವನಲ್ಲ. ವಿಜಾಪುರದ ಉಸ್ತಾದ ಕಲಿಸಿದ ರೀತಿಯೇ ಬೇರೆ. ಹೊಲಿಸುವವಳು ತನ್ನ ಮೈಗೆ ಸರಿಯಾಗಿ ಕೂಡುವ ಹಳೆಯ ಜಂಪರವೊಂದನ್ನು, ಅಂದರೆ ಕುಪ್ಪಸವೊಂದನ್ನು, ತಂದುಕೊಡಬೇಕು. ಅದಕ್ಕೆ ಅಳತಿ ಜಂಪರ ಅನ್ನುತ್ತಾರೆ. ಅದನ್ನು ಹಾಸಿ, ಅಂಗೈಯಿಂದ ಸವರಿ, ಅದರ ಮೇಲೆಯೇ ಹೊಸದನ್ನು ಕತ್ತರಿಸಬೇಕು. ಹೊಲಿದು ಮುಗಿದ ಮೇಲೆ ಹೊಸ ಬಟ್ಟೆಯ ಮೇಲೆ ಹಳೆಯದನ್ನಿಟ್ಟು ಗಂಟು ಕಟ್ಟಿ ಎರಡನ್ನೂ ಒಟ್ಟಿಗೆ ತಿರುಗಿ ಕೊಡಬೇಕು.

"ಅಳತಿ ಅಂದ್ರ ಅಮಾನತ್, ನಂಬಿ ಇಡಾಕ ಕೊಟ್ಟ ಒಡವಿ ಇದ್ದಂಗ, ಕಾಶಣ್ಣ," ಅನ್ನುತ್ತಿದ್ದ ನನಗೆ. "ಅದನ್ನ ಇಟಗೊಂಡ್ರ ಇನ್ನೊಬ್ಬರ ಮೈನಽ ಕದ್ದಂಗ."

ಮೂವತ್ತು ವರ್ಷ ಹೀಗೆ ಗಂಟು ಕಟ್ಟಿಕಟ್ಟಿ ಅವನ ಕೈಗಳಿಗೆ ಅದು ಉಸಿರಾಟವಾಗಿ ಹೋಗಿತ್ತು. ಅವನು ನಿದ್ದೆ ಮಾಡುತ್ತಿದ್ದರೂ ಕೈಗಳು ಎದ್ದು ಗಂಟು ಕಟ್ಟಿ ಮಲಗುತ್ತಿದ್ದವು. ಈ ಕತೆ ಆದದ್ದು ಆ ಕೈಗಳಿಂದಲೇ.

ಮನುಷ್ಯ ಚಂದ್ರನ ಮೇಲೆ ಕಾಲಿಟ್ಟು ಬಂದ ಮರುವರ್ಷ. ಮುಂಬಯಿಯಲ್ಲಿ ಎಲ್ಲರ ತಲೆಯೂ ನೆಲದಿಂದ ಸ್ವಲ್ಪ ಮೇಲೆದ್ದಿತ್ತು. ಬಾಂದ್ರಾ ಗುಡ್ಡದ ಬಂಗಲೆಯೊಂದರಲ್ಲಿ ಹಿಲ್ಲಾಬಾಯಿ ಎಂಬ ಪಾರ್ಸಿ ಹೆಂಗಸು ಇದ್ದಳು. ಪರದೇಶದಲ್ಲಿ ಬಟ್ಟೆ ಕತ್ತರಿಸುವುದನ್ನು ಕಲಿತು ಬಂದವಳು. ಜನ ತೊಡುವ ಬಟ್ಟೆ ಅವಳಿಗೆ ಸಾಕಾಗಿಹೋಗಿತ್ತು. ಕನಸಿನಲ್ಲಿ ತೊಡುವಂಥದ್ದು ಮಾಡಬೇಕು, ಅದನ್ನು ಫೋರ್ಟ್ ಕಡೆಯ ಒಂದು ಮ್ಯೂಸಿಯಮ್ಮಿನಲ್ಲಿ ಆಳೆತ್ತರದ ಗೊಂಬೆಗಳಿಗೆ ತೊಡಿಸಿ ಒಂದು ವಾರ ಜನರಿಗೆ ತೋರಿಸಬೇಕು ಎಂಬ ಹಟ. ಚಿತ್ರ ಬರೆದ ದೊಡ್ಡ ದೊಡ್ಡ ಹಾಳೆಗಳನ್ನು ತಂದು ಶರೀಫನ ಮಿಷನ್ನಿನ ಮೇಲೆ ಹರಡಿದಳು.

ಶರೀಫ ಚಿತ್ರ ನೋಡಿದ. ಬಟ್ಟೆ ನೋಡಿದ. ಕೊನೆಗೆ ಕೈ ಚಾಚಿದ.

"ಬಾಯಿ, ನಾಪ್ ಕಾ ಜಂಪರ್?"

ಗೊಂಬೆಗಳಿಗೆಲ್ಲಿಯ ಜಂಪರ? ಅವು ಇನ್ನೂ ಹಡಗಿನಲ್ಲಿ ಬರುತ್ತಿದ್ದವು. ಹಿಲ್ಲಾಬಾಯಿ ಇಂಚುಗಳ ಲೆಕ್ಕ ಹೇಳಿದಳು. ಇಂಚು ಕೇಳಿ ಜಂಪರ ಹೊಲಿಯುವುದು ಅವನ ಪಾಲಿಗೆ ಜಾತಕ ಕೇಳಿ ರೊಟ್ಟಿ ಬಡಿದಂತೆ. ಕೂಸು ಹುಟ್ಟುವ ಮೊದಲೇ ಕುಲಾವಿ ಅನ್ನುತ್ತಾರಲ್ಲ, ಆ ಕುಲಾವಿಗಾದರೂ ಒಂದು ಅಂದಾಜಿನ ತಲೆ ಬೇಡವೇ? ಎರಡು ದಿನ ಸುಮ್ಮನೆ ಕೂತ. ಮೂರನೆಯ ದಿನ ಮನೆಯ ಟ್ರಂಕಿನ ತಳಕ್ಕೆ ಕೈ ಹಾಕಿ, ಹೆಂಡತಿ ಇಮಾಮಬಿಯ ಮದುವೆ ಜಂಪರವನ್ನು ಎತ್ತಿಕೊಂಡು ಬಾಂದ್ರಾಕ್ಕೆ ಹೋದ. ಕುಸುಬಿ ಬಣ್ಣ, ಬುಗ್ಗಿ ತೋಳು, ಕೊರಳ ಸುತ್ತ ಸಣ್ಣ ಸಣ್ಣ ಕನ್ನಡಿ. ಇಮಾಮಬಿಯ ತಾಯಿ ಕೈಯಲ್ಲಿ ಹೊಲಿದದ್ದು. ಅಳತೆಗೆ ನಾಲ್ಕು ದಿನ, ಆಮೇಲೆ ಟ್ರಂಕಿಗೆ ವಾಪಸು, ಹೇಳಿ ಜಗಳ ಎಬ್ಬಿಸುವುದೇಕೆ ಎಂದು ಅವನ ಲೆಕ್ಕ.

ಹೊಲಿದ. ಒಂದು ಡಜನ್ ಉಡುಪು. ಕಡೆಯದನ್ನು ಮುಗಿಸಿದಾಗ ಅವನ ಕಣ್ಣುಗಳಲ್ಲಿ ನಿದ್ದೆ ತುಂಬಿ ಮೆಟ್ಟಿಲ ಮೇಲೆಲ್ಲ ಚೆಲ್ಲಿತ್ತು. ಹತ್ತುವ ಇಳಿಯುವ ಬಾಡಿಗೆದಾರರೂ ಆಕಳಿಸುತ್ತಿದ್ದರಂತೆ. ಆ ಮಂಪರಿನಲ್ಲಿ ಅವನ ಕೈಗಳು ಉಡುಪುಗಳನ್ನು ಮಡಚಿದವು, ಎಲ್ಲಕ್ಕೂ ಮೇಲೆ ಅಳತಿ ಜಂಪರ ಇಟ್ಟವು, ಗಂಟು ಕಟ್ಟಿದವು, ಗಿರಾಕಿಗೆ ಕೊಟ್ಟವು. ಅಮಾನತ್ ತಿರುಗಿ ಕೊಟ್ಟ ಸಮಾಧಾನದಲ್ಲಿ ಶರೀಫ ಮನೆಗೆ ಬಂದು ಮಲಗಿದ.

ಅವರ ಮಗಳು ಬೀಬೀಜಾನಳ ಮದುವೆ ಗೊತ್ತಾಗಿತ್ತು. ಶುಕ್ರವಾರ ನಿಕಾಹ್, ಗುರುವಾರ ಹಳದಿ. ಇಮಾಮಬಿಯ ತವರಿನಲ್ಲಿ ಒಂದು ಪದ್ಧತಿ. ಹಳದಿಯ ದಿನ ಹುಡುಗಿ ತಾಯಿಯ ಮದುವೆ ಜಂಪರ ತೊಟ್ಟು ಮಣೆಯ ಮೇಲೆ ಕೂರಬೇಕು. ತಾಯಿ ಕೂತ ಬೆಚ್ಚಗಿನ ಜಾಗದಲ್ಲಿ ಮಗಳು ಕೂತಂತೆ. ಅದಿಲ್ಲದೆ ಹಳದಿ ಹಚ್ಚುವುದಿಲ್ಲ. ಬುಧವಾರ ಬೆಳಿಗ್ಗೆ ಇಮಾಮಬಿ ಟ್ರಂಕು ತೆರೆದಳು. ಜಂಪರ ಇಲ್ಲ. ಡಾಂಬರ ಗುಳಿಗೆಗಳು ಮಾತ್ರ ಒಂದನ್ನೊಂದು ನೋಡುತ್ತ ಕೂತಿದ್ದವು.

ಆಕೆಯ ಕೂಗಿಗೆ ಫಾಸ್ಟ್ ಲೋಕಲ್ಲೂ ಅಂಧೇರಿಯಲ್ಲಿ ಒಂದು ಕ್ಷಣ ಹೆಚ್ಚು ನಿಂತಿತು. ನಾನು ಓಡಿದೆ.

"ಕೇಳ್ರಿ ಕಾಶಣ್ಣ! ನನ್ನ ಜಂಪರ ಎಲ್ಲೈತಿ ಅಂತ ನಿಮ್ಮ ದೋಸ್ತಗ ಕೇಳ್ರಿ!"

ಶರೀಫ ಹಾಸಿಗೆಯ ಮೇಲೆ ಎದ್ದು ಕೂತಿದ್ದ. ಏಳನೆಯ ಪ್ರತಿಧ್ವನಿಗೆ ಕಾಯುತ್ತಿದ್ದನೋ ಏನೋ. ನಂತರ ತನ್ನ ಎರಡೂ ಅಂಗೈಗಳನ್ನು ತಿರುಗಿಸಿ ನೋಡಿಕೊಂಡ.

"ಮ್ಯೂಸಿಯಮ್ಮಿನ್ಯಾಗ ಐತಿ," ಅಂದ.

"ಎಲ್ಲಿ?"

"ಗೊಂಬಿಗೋಳ ಕಡೆ."

"ಹೌ! ಗೊಂಬಿ ಅಂತ ಹೆಸರೇನು ಆಕಿದು? ಬಾಂದ್ರಾದಾಗ ಇರತಾಳೇನು?" ಇಮಾಮಬಿ ಸೊಂಟಕ್ಕೆ ಕೈ ಕೊಟ್ಟಳು. "ಒಂದು ತಿಂಗಳು ಆತು, ಊಟಕ್ಕ ಕೂತ್ರ ಗಾಳಿಯೊಳಗ ಯಾರದೋ ಭುಜ ಸವರತಾರ ಈ ಮನಷ್ಯಾ! ನಾ ನೋಡಿಲ್ಲಂತ ತಿಳದಾರ!"

"ತೌಬಾ, ಭುಜ ನಿಂದಽ ಅದು!"

"ನಂದು ಇಲ್ಲೈತಿ!" ಎಂದು ಆಕೆ ತನ್ನ ಭುಜ ಬಡಿದುಕೊಂಡಳು. ಆ ಭುಜದಲ್ಲಿ ಈಗ ಹಳೆಯ ಇಮಾಮಬಿಯಂಥ ಮೂವರು ಕೂರಬಹುದಿತ್ತು. "ನಾಳೆ ಹಳದಿ. ಜಂಪರ ಬಂದ್ರ ಹಳದಿ, ಇಲ್ಲಂದ್ರ ಇಲ್ಲ. ಬೀಗರಿಗೆ ನೀವಽ ಹೋಗಿ ಹೇಳ್ರಿ, ಅರಿಷಿಣ ಗೊಂಬಿಗೆ ಹಚ್ಚೇವಿ ಅಂತ."

ಒಳಗೆ ಬೀಬೀಜಾನ ಅಳತೊಡಗಿದಳು. ಇಂಗ್ಲಿಷ್ ಆಡಬೇಕಾಗಿ ಬಂದರೆ ಇರಲಿ ಎಂದು ನನ್ನನ್ನೂ ಎಳೆದುಕೊಂಡು ಮೂವರೂ ಹೊರಟೆವು. ಮನೆಯಿಂದ ಹೊರಗೆ ಹೋಗುವಾಗ ಹೊದೆಯುವ ಬಿಳಿ ಚಾದರವನ್ನು ಇಮಾಮಬಿ ತಲೆಯಿಂದ ಹಿಮ್ಮಡಿಯ ತನಕ ಹೊದ್ದಿದ್ದಳು. ಚರ್ಚ್‌ಗೇಟ್ ಲೋಕಲ್ ಹತ್ತಿದೆವು. ಎದುರಿನ ಸೀಟಿನ ಶರೀಫ ಗಾಳಿಗೆ ಹಾರಿಹೋಗದಂತೆ ನಾನು ಅವನ ಅಂಗಿಯ ತುದಿ ಹಿಡಿದು ಕೂತಿದ್ದೆ.

ಮ್ಯೂಸಿಯಮ್ಮಿನ ಒಳಗೆ ಕಾಲಿಟ್ಟೊಡನೆ ಹೊರಗಿನ ಮುಂಬಯಿಯ ಗದ್ದಲವನ್ನು ಯಾರೋ ಕತ್ತರಿಯಿಂದ ಕತ್ತರಿಸಿದಂತಾಯಿತು. ಕಲ್ಲಿನ ನೆಲ ತಣ್ಣಗಿತ್ತು. ಪಕ್ಕದ ಕೋಣೆಯಲ್ಲಿ ಹುಲ್ಲು ತುಂಬಿದ ಹುಲಿಯೊಂದು ನಮ್ಮನ್ನು ನೋಡಿ, ಇವರೆಲ್ಲೋ ಅವಸರದಲ್ಲಿದ್ದಾರೆ ಎಂದು ಸುಮ್ಮನಾಯಿತು. ಆಚೆಗಿನ ದೊಡ್ಡ ಹಾಲಿನಲ್ಲಿ ಬೆಳಕೂ ಅಲ್ಲ, ಕತ್ತಲೂ ಅಲ್ಲ. ಸಂಜೆಯನ್ನು ನೀರಿನಲ್ಲಿ ನೆನೆಹಾಕಿ ಹಿಂಡಿ ಹರವಿದಂತೆ. ಎತ್ತರದ ಫ್ಯಾನುಗಳು ಒಂದು ಸುತ್ತು ಸುತ್ತಿ, ಮುಂದಿನ ಸುತ್ತು ಸುತ್ತಲೋ ಬೇಡವೋ ಎಂದು ಯೋಚಿಸುತ್ತಿದ್ದವು. ಅವುಗಳ ಕೆಳಗೆ ಗೊಂಬೆಗಳು ನಿಂತಿದ್ದವು. ಯಾವುದಕ್ಕೂ ತಲೆ ಇಲ್ಲ.

ಅವು ತೊಟ್ಟಿದ್ದ ಉಡುಪುಗಳನ್ನು ನಾನು ಹೇಳಿದರೆ ನೀವು ನಂಬುವುದಿಲ್ಲ, ಇರಲಿ. ಒಂದು ಅಂಗಿ ಪೂರ್ತಿ ಹಾಲಿನ ಬಾಟಲಿಯ ತಗಡಿನ ಮುಚ್ಚಳಗಳದು. ಫ್ಯಾನು ತಿರುಗಿದಾಗಲೆಲ್ಲ ಬೆಳಗಿನ ಜಾವದ ಹಾಲಿನ ಗಾಡಿ ದೂರದಲ್ಲಿ ಬಂದಂತೆ ಗಲಗಲ ಅನ್ನುತ್ತಿತ್ತು. ಇನ್ನೊಂದಕ್ಕೆ ಒಂದೇ ತೋಳು. ಅದು ಭುಜದಿಂದ ಹೊರಟು, ನೆಲಕ್ಕಿಳಿದು, ಕಂಬ ಸುತ್ತಿ, ಕಿಟಕಿಯವರೆಗೆ ಹೋಗಿ ಸಮುದ್ರ ನೋಡುತ್ತ ನಿಂತಿತ್ತು. ಕೊಡೆಯ ಬಟ್ಟೆಯ ಲಂಗವೊಂದು ಇಷ್ಟಿಷ್ಟೇ ಬಿಚ್ಚಿಕೊಳ್ಳುತ್ತಿತ್ತು, ಒಳಗೆಲ್ಲೋ ಮಳೆಯ ಸದ್ದು ಕೇಳಿದಂತೆ. ಚಂದ್ರನಿಗೆ ಸೊಸೆಯಾಗಿ ಹೋಗುವವಳಿಗೆಂದು ಹೊಲಿಸಿದ ಬೆಳ್ಳಿ ಬಣ್ಣದ ನಿಲುವಂಗಿಯೊಂದಿತ್ತು. ಅದು ಎಷ್ಟು ಹಗುರವೆಂದರೆ ಗಾಳಿಗೆ ಏಳದಂತೆ ಅಂಚಿಗೆ ಗುಂಡು ಕಟ್ಟಿದ್ದರು. ಎಲ್ಲವನ್ನೂ ಹೊಲಿದವನು ನನ್ನ ಪಕ್ಕದಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು, ಮಸೀದಿಗೆ ಬಂದವನಂತೆ ತಲೆ ತಗ್ಗಿಸಿ ನಿಂತಿದ್ದ.

ಇಮಾಮಬಿ ಒಂದೊಂದೇ ಗೊಂಬೆಯ ಮುಂದೆ ನಡೆದಳು. ಮೊದಮೊದಲು ಆಕೆಯ ಹೆಜ್ಜೆಯಲ್ಲಿ ಜಗಳವಿತ್ತು. ನಾಲ್ಕನೆಯದರ ಮುಂದೆ ಅದು ನಿಧಾನವಾಯಿತು.

"ಕಾಶಣ್ಣ," ಅಂದಳು ಮೆಲ್ಲಗೆ, "ಇವು ಎಲ್ಲಾ ಎಡಕ್ಕ ಯಾಕ ವಾಲ್ಯಾವು?"

ನಾನು ನೋಡಿದೆ. ನಿಜ. ಪ್ರತಿಯೊಂದರ ಎಡ ಭುಜವೂ ಒಂದು ನೂಲಿನಷ್ಟು ಕೆಳಗೆ.

ಅದರ ಕತೆ ಹಿಲ್ಲಾಬಾಯಿಯೇ ಆಮೇಲೆ ಹೇಳಿದ್ದು. ಗೊಂಬೆಗಳು ಹಡಗಿನಿಂದ ಇಳಿದಾಗ ಉಡುಪು ಒಂದಕ್ಕೂ ಹಿಡಿಯಲಿಲ್ಲವಂತೆ. ಪರದೇಶದ ಗೊಂಬೆ, ಭುಜ ಪೈಲ್ವಾನನದು. ಉಡುಪು ಬಿಚ್ಚಿ ಹೊಲಿಸಲು ಹೊತ್ತಿಲ್ಲ. ಅದಕ್ಕೆ ಬಡಗಿಯನ್ನು ಕರೆಸಿ ಗೊಂಬೆಗಳನ್ನೇ ಕೀಸಿಸಿದಳು! ಜಗತ್ತಿನಲ್ಲಿ ಮೈಗೆ ಸರಿಯಾಗಿ ಬಟ್ಟೆ ಹೊಲಿದ ಟೇಲರುಗಳು ಲಕ್ಷ ಇದ್ದಾರು. ಬಟ್ಟೆಗೆ ಸರಿಯಾಗಿ ಮೈ ಹೊಲಿಸಿದವನು ನಮ್ಮ ಶರೀಫನೊಬ್ಬನೇ.

ಇಮಾಮಬಿಗೆ ಆ ಕತೆ ಬೇಕಾಗಿರಲಿಲ್ಲ. ಆಕೆ ಚಾದರದೊಳಗೆ ತನ್ನ ಎಡ ಭುಜ ಮುಟ್ಟಿಕೊಳ್ಳುತ್ತಿದ್ದಳು. ವಿಜಾಪುರದಲ್ಲಿ ಹುಡುಗಿಯಾಗಿದ್ದಾಗ ಬಾವಡಿಯಿಂದ ನೀರು ಹೊತ್ತುಹೊತ್ತು ಇಳಿದ ಭುಜ ಅದು. ತಾಯಿ ಅದನ್ನು ನೋಡಿ ಮದುವೆ ಜಂಪರದ ಎಡ ಭುಜವನ್ನು ಇಷ್ಟು ತಗ್ಗಿಸಿ ಹೊಲಿದಿದ್ದಳು. ಆ ಜಂಪರವನ್ನು ಹಾಸಿ ಶರೀಫ ಕತ್ತರಿಸಿದ್ದ.

ಹಾಲಿನ ನಟ್ಟನಡುವೆ, ಎಲ್ಲ ಗೊಂಬೆಗಳೂ ಮುಖವಿದ್ದರೆ ತಿರುಗಿ ನೋಡುವಂಥ ಜಾಗದಲ್ಲಿ, ಕುಸುಬಿ ಬಣ್ಣದ ಜಂಪರ ಇತ್ತು. ಕೆಳಗೆ ಸಾದಾ ಬಿಳಿ ಬಟ್ಟೆ ಸುತ್ತಿದ್ದರು. ಮೇಲಿನಿಂದ ಒಂದೇ ದೀಪ. ಕೊರಳ ಕನ್ನಡಿಗಳು ಆ ಬೆಳಕನ್ನು ಚೂರುಚೂರು ಮಾಡಿ ಕಲ್ಲಿನ ಗೋಡೆಯ ಮೇಲೆ ಎರಚಿದ್ದವು. ನೀರಿನ ಮೇಲೆ ಬಿಸಿಲು ಬಿದ್ದಾಗ ಬಾವಡಿಯ ಗೋಡೆ ಹೇಗೆ ತೂಗುತ್ತದೋ ಹಾಗೆ ಇಡೀ ಹಾಲು ತೂಗುತ್ತಿತ್ತು. ನನ್ನ ಕಾಲಿಗೆ ತಣ್ಣೀರು ತಾಗಿದಂತಾಯಿತು. ನೋಡಿಕೊಂಡೆ, ಒಣಗಿತ್ತು. ಆದರೂ ಧೋತರ ಇಷ್ಟು ಮೇಲಕ್ಕೆತ್ತಿ ಹಿಡಿದೇ ನಿಂತೆ, ಯಾಕೆ ಬೇಕು.

ಇಮಾಮಬಿ ಅದರ ಮುಂದೆ ಎಷ್ಟು ಹೊತ್ತು ನಿಂತಳೋ. ಫ್ಯಾನುಗಳಂತೂ ತಿರುಗುವುದನ್ನು ಮರೆತಿದ್ದವು.

"ಇಷ್ಟು ಸಣ್ಣಾಕಿ ಇದ್ದೆನೇನ್ರಿ ನಾ?" ಅಂದಳು ಕೊನೆಗೆ. ದನಿಯಲ್ಲಿ ಬೆಳಗಿನ ಇಮಾಮಬಿ ಇರಲಿಲ್ಲ.

"ಹೂಂ," ಅಂದ ಶರೀಫ.

"ಎಲ್ಲಾ ನಾನಽ?"

"ಮತ್ತ್ಯಾರು? ನನ್ನ ಕೈಗೆ ಬ್ಯಾರೆ ಯಾರ ಭುಜ ಗೊತ್ತೈತಿ?"

"ಊಟದಾಗ ಸವರತಿದ್ರಲ್ಲ, ಅದು..."

"ಅಳತಿ ಮರೀಬಾರದಂತ."

ಚಾದರದೊಳಗಿಂದ ಒಂದು ಸದ್ದು ಬಂತು. ಅಳುವೋ ನಗುವೋ ನಾನು ಹೇಳಲಾರೆ, ಚಾದರ ದಪ್ಪ ಇತ್ತು. ಮರುಗಳಿಗೆಯಲ್ಲೇ ಆಕೆ ಸರಿಹೋಗಿ, "ಆತು, ಗುಂಡಿ ಬಿಚ್ಚರಿ. ಹೊತ್ತಾತು, ಅರಿಷಿಣ ಕುಟ್ಟೂದೈತಿ," ಅಂದಳು.

ಅಷ್ಟರಲ್ಲಿ ಹಿಲ್ಲಾಬಾಯಿ ಬಂದಳು. ಕತ್ತರಿಸಿದ ಕೂದಲು, ಪ್ಯಾಂಟು, ಕೊರಳಲ್ಲಿ ಕನ್ನಡಕ.

"ಅರೇ ಮಾಸ್ಟರ್! ಆಯಾ ತುಮ್! ದೇಖೋ ನಾ, ತುಮಾರಾ ಯೇ ಜಾಸ್ತಿವಾಲಾ ಪೀಸ್, ಸಬ್ ಲೋಗ್ ಇಧರೀಚ್ ಖಡಾ ರಹತಾ ಹೈ!"

ನೋಡುವವರೆಲ್ಲ ಅದರ ಮುಂದೆಯೇ ನಿಲ್ಲುತ್ತಾರಂತೆ. ಗಂಟಿನಲ್ಲಿ ಒಂದು ಹೆಚ್ಚು ಬಂದದ್ದನ್ನು ನೋಡಿ, ಮಾಸ್ಟರ್ ತನ್ನ ಮನಸ್ಸಿನಿಂದ ತಾನೇ ಒಂದು ಹೊಲಿದು ಕೊಟ್ಟಿದ್ದಾನೆ ಎಂದು ತಿಳಿದಿದ್ದಳು ಪಾಪ. ಹಿಂದಿಯೇ ಸಾಕಿತ್ತು, ಆದರೂ ಕರೆತಂದದ್ದಕ್ಕೆಂದು ನಾನು ನನ್ನ ಇಂಗ್ಲಿಷನ್ನು ಬಿಚ್ಚಿದೆ. ಅದನ್ನು ಕೇಳಿ ಮ್ಯೂಸಿಯಮ್ಮಿನವರು ನನ್ನನ್ನೂ ಅಲ್ಲೇ ಒಂದು ಗಾಜಿನ ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳಬೇಕಿತ್ತು. ಹೇಗೋ ತಾಯಿ, ಬಾವಡಿ, ಹಳದಿ, ನಾಳೆ ಎಂಬುದೆಲ್ಲ ಆಕೆಗೆ ಮುಟ್ಟಿತು. ಹಿಲ್ಲಾಬಾಯಿ ಬಾಯಿಗೆ ಕೈ ಇಟ್ಟುಕೊಂಡಳು. ಒಮ್ಮೆ ಇಮಾಮಬಿಯನ್ನು ನೋಡಿದಳು, ಒಮ್ಮೆ ಗೊಂಬೆಯನ್ನು.

"ಸಂಡೇ ತಕ್ ನಹೀಂ ರಖ್ ಸಕತೀ?" ಎಂದು ಕೇಳಿದಳು, ಭಾನುವಾರದ ತನಕ ಇಟ್ಟುಕೊಳ್ಳಬಾರದೇ ಎಂದು. ಶನಿವಾರ ಭಾನುವಾರವೇ ಜನ ಬರುವುದು. ಇದಿಲ್ಲದಿದ್ದರೆ ಉಳಿದವೆಲ್ಲ ತಾಯಿಯಿಲ್ಲದ ಮಕ್ಕಳಂತೆ ಕಾಣುತ್ತವೆ ಎಂದು ಆಕೆಯ ಸಂಕಟ.

"ಹಳದಿ ಹುಡಿಗಿಗೆ, ಗೊಂಬಿಗಲ್ಲ ಅಂತ ಹೇಳ್ರಿ," ಅಂದಳು ಇಮಾಮಬಿ, ಜಗಳದ ಕನ್ನಡವನ್ನು ಇನ್ನೂ ಬಿಡದೆ.

ಹಿಲ್ಲಾಬಾಯಿ ತಾನೇ ಗುಂಡಿ ಬಿಚ್ಚತೊಡಗಿದಳು. ಜಂಪರ ಇಮಾಮಬಿಯ ಕೈಗೆ ಬಂತು. ಆಕೆ ಅದನ್ನು ಮೂಗಿಗೆ ಹಿಡಿದಳು. ಹೊರಟಳು. ಬಾಗಿಲ ತನಕ ಹೋಗಿ ತಿರುಗಿ ನೋಡಿದಳು. ದೀಪದ ಕೆಳಗೆ ಗೊಂಬೆ ಬರಿಮೈಯಲ್ಲಿ ನಿಂತಿತ್ತು. ಬಡಗಿ ಕೀಸಿದ ಎಡ ಭುಜದಲ್ಲಿ ಮರ ಹಸಿಯಾಗಿ ಕಾಣುತ್ತಿತ್ತು.

"ಹಿಂಗ ಬಿಟ್ಟು ಹೋಗೂದೇನ್ರಿ? ನಾಕು ಮಂದಿ ಗಂಡಸರು ಓಡಾಡತಾರ," ಎಂದಳು. ಸರಸರನೆ ವಾಪಸು ಬಂದು ತನ್ನ ಚಾದರ ಬಿಚ್ಚಿ ಗೊಂಬೆಯ ಭುಜಕ್ಕೆ ಹೊದಿಸಿ, ಮುಂದೆ ಗಂಟು ಹಾಕಿ, ಮಗುವಿಗೆ ಮಾಡಿದಂತೆ ಎರಡೂ ಕಡೆ ಸರಿಪಡಿಸಿದಳು. ಮೊದಲ ಸಲ ಹಿಲ್ಲಾಬಾಯಿ ಆಕೆಯನ್ನು ಪೂರ್ತಿ ಕಂಡಳು. ನೀಲಿ ಸೀರೆ, ತುಂಬಿದ ಮೈ, ಒಂದು ನೂಲು ಇಳಿದ ಎಡ ಭುಜ.

"ಶನಿವಾರ ಮುಂಜಾನೆ ತಂದು ನಾನಽ ತೊಡಸ್ತೀನಂತ ಹೇಳ್ರಿ ಕಾಶಣ್ಣ. ಈಕಿನೂ ನಾನಽ ಅಲ್ಲಾ? ಮದುವಿ ಮುಗಿಸಿಕೊಂಡು ಬರತೀನಿ, ಅಲ್ಲೀಮಟ ನಿಂತಿರು ಅಂತ ಈಕಿಗೂ ಹೇಳ್ರಿ."

ನಾನು ಗೊಂಬೆಗೆ ಕನ್ನಡದಲ್ಲಿಯೇ ಹೇಳಿದೆ. ತಲೆ ಇದ್ದಿದ್ದರೆ ಆಡಿಸುತ್ತಿತ್ತು.

ಹಿಲ್ಲಾಬಾಯಿ ಒಂದು ಚೀಟಿ ಬರೆದು ಗೊಂಬೆಯ ಕಾಲ ಬಳಿ ಇಟ್ಟಳು. "ಹಳದಿಗೆ ಹೋಗಿದೆ. ಶನಿವಾರ ಬರುತ್ತದೆ." ಅದನ್ನು ಓದಿದವರಲ್ಲಿ ಇಬ್ಬರು ವಿಳಾಸ ಕೇಳಿಕೊಂಡು ಶುಕ್ರವಾರ ನೇರ ನಮ್ಮ ಚಾಳಿಗೇ ಬಂದು ಬಿರಿಯಾನಿ ಉಂಡು ಹೋದರು. ಅದೇ ಊಟದ ಹಿಂದಿನ ಸಾಲಿನಲ್ಲಿ ಬೆಳ್ಳಿ ನಿಲುವಂಗಿ ತೊಟ್ಟ, ತಲೆಯಿಲ್ಲದ ಒಬ್ಬ ಹೆಂಗಸು ಕೂತಿದ್ದಳೆಂದು ನಾನು ಆಗಾಗ ಹೇಳುವುದುಂಟು. ಅದನ್ನು ಮಾತ್ರ ನೀವು ಅರ್ಧ ನಂಬಿದರೆ ಸಾಕು.

ಆದರೆ ಅದಕ್ಕೆ ಮೊದಲೇ, ಗುರುವಾರ ಬೆಳಿಗ್ಗೆ, ಇನ್ನೊಂದು ಗಂಡಾಂತರ. ಜಂಪರ ಬಂತು, ಬೀಬೀಜಾನಳಿಗೆ ಹಿಡಿಯಲಿಲ್ಲ. ಮುಂಬಯಿ ಪಾವ್ ತಿಂದು ಬೆಳೆದ ಹುಡುಗಿ. ಬೆನ್ನಿನ ಗುಂಡಿಗೂ ಕಾಜಿಗೂ ನಡುವೆ ಮಾಹೀಮಿನ ಸಮುದ್ರದ ಖಾಡಿಯಷ್ಟು ಅಂತರ.

"ಅಮ್ಮಾ, ನಾ ಉಸಿರು ಹಿಡೀತೀನಿ, ಜಲ್ದಿ ಲಗಾವ್," ಅಂದಳು ಹುಡುಗಿ, ಕೆಂಪಾಗಿ.

"ಎಷ್ಟೊತ್ತ ಹಿಡೀತಿ? ಮುತ್ತೈದೇರು ಹಳದಿ ಹಚ್ಚಿ ಹಾಡಿ ಮುಗಸೂತನಾ?"

ಇಮಾಮಬಿ ಮಣೆಯ ಪಕ್ಕ ಕುಸಿದು ಕೂತಳು. ತಾಯಿ ಹೊಲಿದದ್ದು, ಒಂದು ಎಳೆ ಕೂಡ ಮುಟ್ಟಬಾರದು ಎಂದು ಇಷ್ಟು ವರ್ಷ ಕಾದಿಟ್ಟವಳು. ಅರೆದ ಅರಿಷಿಣ ಬಟ್ಟಲಿನಲ್ಲಿ ಕಾಯುತ್ತಿತ್ತು. ಶರೀಫ ತನ್ನ ಚೀಲದಿಂದ ಬೆಳ್ಳಿ ಬಣ್ಣದ ಒಂದು ತುಂಡು ತೆಗೆದ. ಚಂದ್ರನ ಸೊಸೆಯ ನಿಲುವಂಗಿಯಲ್ಲಿ ಉಳಿದಿದ್ದ ತುಂಡು, ನೀವೇ ಇಟ್ಟುಕೊಳ್ಳಿ ಎಂದು ಹಿಲ್ಲಾಬಾಯಿ ಕೊಟ್ಟದ್ದು. ಅದನ್ನು ಜಂಪರದ ಕಂಕುಳ ಹತ್ತಿರ ಹಿಡಿದು ಹೆಂಡತಿಯ ಮುಖ ನೋಡಿದ. ಕತ್ತರಿ ಮುಟ್ಟಲಿಲ್ಲ.

ಇಮಾಮಬಿ ಮಗಳನ್ನು ನೋಡಿದಳು. ಹುಡುಗಿ ಇನ್ನೂ ಉಸಿರು ಹಿಡಿದೇ ನಿಂತಿದ್ದಳು, ಕಣ್ಣು ತುಂಬಿಕೊಂಡು.

"ಕತ್ತರಿ ಹಾಕಬ್ಯಾಡ್ರಿ," ಅಂದಳು. "ಕಂಕಳ ಹೊಲಿಗಿ ಬಿಚ್ಚಿ ನಡುವ ಸೇರಸ್ರಿ. ನಮ್ಮವ್ವನ ದಾರ ಒಗೀಬ್ಯಾಡ್ರಿ, ಅದರಾಗಽ ಹೊಲೀರಿ."

ಹಾಗೇ ಹೊಲಿದ. ಎರಡೂ ಕಡೆ ಬೆರಳಗಲದ ಬೆಳ್ಳಿ ಪಟ್ಟಿ, ಅಜ್ಜಿಯ ದಾರ. ಬೀಬೀಜಾನ ಉಸಿರು ಬಿಟ್ಟಳು. ಆ ಉಸಿರಿಗೆ ಚಾಳಿನ ಹಗ್ಗದ ಮೇಲೆ ಒಣಹಾಕಿದ ಬಟ್ಟೆಗಳೆಲ್ಲ ಒಮ್ಮೆ ಹಾರಿ ಕೂತವು. ನಲ್ಲಿಯ ನೀರಿನಲ್ಲಿ ಬೆಳೆದ ಹುಡುಗಿ, ಭುಜ ಎರಡೂ ಸಮ. ಎಡಕ್ಕೆ ಇಳಿಸಿ ಹೊಲಿದ ಜಂಪರ ಅವಳನ್ನು ಆ ಕಡೆಗೆ ಇಷ್ಟೇ ಎಳೆಯುತ್ತಿತ್ತು. ಮದುಮಗಳು ನಾಚಿಕೊಂಡು ಕತ್ತು ವಾಲಿಸಿದ್ದಾಳೆ ಎಂದು ಹಾಡಲು ಬಂದ ಗಂಗುಬಾಯಿ ಮೆಚ್ಚಿಕೊಂಡಳು. ಹಳದಿ ಹಚ್ಚಿದರು.

ಶನಿವಾರ ಬೆಳಿಗ್ಗೆ ಮತ್ತೆ ನಾವು ಮೂವರು. ಮಗಳು ಗಂಡನ ಮನೆಗೆ ಹೋಗಿದ್ದಳು. ಇಮಾಮಬಿಯ ಕಣ್ಣುಗಳು ಊದಿದ್ದವು. ಮ್ಯೂಸಿಯಮ್ಮಿನ ಬಾಗಿಲು ಇನ್ನೂ ಜನರಿಗೆ ತೆರೆದಿರಲಿಲ್ಲ. ಗೊಂಬೆ, ನಾನು ಹೇಳಿದ ಮಾತಿನಂತೆ, ಅಲ್ಲಿಯೇ ನಿಂತಿತ್ತು, ಚಾದರ ಹೊದ್ದುಕೊಂಡು. ಆಕೆ ಚಾದರ ಬಿಚ್ಚಿ ಹೆಗಲಿಗೆ ಹಾಕಿಕೊಂಡು, ಜಂಪರವನ್ನು ಒಂದೊಂದೇ ತೋಳಾಗಿ ತೊಡಿಸಿದಳು. ಕೊರಳ ಬಳಿ ಅರಿಷಿಣ ಒಣಗಿ ಹಳದಿಯಾಗಿತ್ತು. ಕಂಕುಳಲ್ಲಿ ಚಂದ್ರನ ತುಣುಕು ಮಿಣುಕುತ್ತಿತ್ತು. ಆ ದೊಡ್ಡ ಹಾಲಿನಲ್ಲಿ ಮೆಲ್ಲಗೆ ಮದುವೆಮನೆಯ ವಾಸನೆ ಹಬ್ಬಿತು. ಪಕ್ಕದ ಕೋಣೆಯ ಹುಲಿ ಸೀನಿದ್ದನ್ನು ನಾನು ಈ ಕಿವಿಯಿಂದ ಕೇಳಿದ್ದೇನೆ.

ಜಂಪರ ಈಗ ಗೊಂಬೆಗೆ ಬೆರಳಗಲ ಸಡಿಲ. ಹಿಲ್ಲಾಬಾಯಿ ಹಿಂದಿನಿಂದ ಪಿನ್ನು ಹಾಕಿ ಬಿಗಿಮಾಡಲು ಹೋದಳು. ಇಮಾಮಬಿ ಕೈ ಹಿಡಿದಳು.

"ನಕ್ಕೋ ಬಾಯಿ. ಈಕಿನೂ ಸ್ವಲ್ಪ ಉಸಿರಾಡ್ಲಿ."

ಇಂಗ್ಲಿಷಿಗೆ ಅದನ್ನು ಹೇಗೆ ಹೇಳುವುದೆಂದು ನಾನು ಯೋಚಿಸುತ್ತಿರುವಾಗಲೇ ಹಿಲ್ಲಾಬಾಯಿ ಪಿನ್ನುಗಳನ್ನು ಜೇಬಿಗೆ ಹಾಕಿಕೊಂಡಿದ್ದಳು.

ವಾಪಸು ಬರುವಾಗ ಲೋಕಲ್ ಖಾಲಿ ಇತ್ತು. ಇಮಾಮಬಿ ಕಿಟಕಿಗೆ ಕೂತು ಚಾದರವನ್ನು ಹೊದೆಯದೆ ಮಡಿಲಲ್ಲಿಟ್ಟುಕೊಂಡಿದ್ದಳು. ಪಕ್ಕದಲ್ಲಿ ಶರೀಫನ ಕೈ ಗಾಳಿಯಲ್ಲಿ ಏನೋ ಸವರುತ್ತಿತ್ತು. ಈ ಸಲ ಆಕೆ ಅದನ್ನು ಹಿಡಿದು ತನ್ನ ಎಡ ಭುಜದ ಮೇಲೆ ಇಟ್ಟುಕೊಂಡಳು.

"ತಗೋರಿ, ಹೊಸಾ ಅಳತಿ. ಇನ್ನಮ್ಯಾಲೆ ಇದನ್ನ ನೆಪ್ಪಿಡ್ರಿ."

ಜಂಪರ ಭಾನುವಾರ ಸಂಜೆ ಮನೆಗೆ ಬಂತು, ಟ್ರಂಕಿನ ತಳ ಸೇರಿತು. ಬೀಬೀಜಾನಳ ಮಗಳಿಗೆ ಬೇಕಾಗುತ್ತದಲ್ಲ. ಇಷ್ಟೆಲ್ಲದರಲ್ಲಿ ನನ್ನ ಬಾಯಿಂದ ಬಂದ ಕೆಲವು ಮಾತುಗಳನ್ನು ನೀವು ತೂಕದಲ್ಲಿ ಸ್ವಲ್ಪ ಕಡಿಮೆ ಹಿಡಿಯಬಹುದು, ಅಡ್ಡಿಯಿಲ್ಲ. ಆದರೆ ಅವತ್ತು ಗೊಂಬೆಯ ಮೈಮೇಲಿಂದ ತೆಗೆದಾಗ ಆ ಚಾದರ ಬೆಚ್ಚಗಿತ್ತು ಎಂದು ಹೇಳುವವಳು ಇಮಾಮಬಿ, ನಾನಲ್ಲ. ಮತ್ತು ಆಕೆ ಒಂದು ನೂಲಿನಷ್ಟೂ ಹೆಚ್ಚಿಗೆ ಹೇಳುವವಳಲ್ಲ.